ಹಳ್ಳದ ದಂಡೆಯ ಆರು ಕಲ್ಲು

ಹೋದ ವರ್ಷ, ಎಪ್ಪತ್ತೇಳರಲ್ಲಿ, ಲಕ್ಷ್ಮಯ್ಯ ನೆಟ್ಟಿದ್ದ ಅಳತೆ ಕಲ್ಲಿನ ಮೇಲೆ ಪಿಳ್ಳಮ್ಮ ಸೀರೆ ಒಗೆಯುತ್ತಿದ್ದರು.

"ಅಮ್ಮಾ, ಇದು ಸರ್ಕಾರದ ಕಲ್ಲು!" ಎಂದ ಲಕ್ಷ್ಮಯ್ಯ.

"ಆಗ್ಲಿ ಸಾಮಿ, ಕೊಳೆ ಚೆನ್ನಾಗೇ ಬಿಡತ್ತೆ" ಅಂದರು ಪಿಳ್ಳಮ್ಮ, ಕೈ ನಿಲ್ಲಿಸದೆ.

ಗವಿಪುರಂ ಹಿಂದಿನ ಹಳ್ಳದ ದಂಡೆ ಎಷ್ಟು ಕೊರೆದುಹೋಗಿದೆ ಎಂದು ಅಳೆಯುವುದು ಲಕ್ಷ್ಮಯ್ಯನ ಕೆಲಸ. ದಂಡೆಯಿಂದ ಸರಿಯಾಗಿ ಹತ್ತಡಿ ಈಚೆಗೆ ಆರು ಕಲ್ಲು ನೆಟ್ಟಿದ್ದ. ಈ ವರ್ಷ ಅಳೆದಾಗ ಏಳಡಿ ಬಂದರೆ ಮೂರಡಿ ಮಣ್ಣು ನೀರುಪಾಲು. ಹದಿನೆಂಟು ವರ್ಷ ಹಳ್ಳ, ಮೋರಿ ತುಳಿದು ಅವನ ಮಂಡಿ ಸವೆದಿತ್ತು. "ಇದೊಂದು ರಿಪೋರ್ಟು ಸಂಜೆ ಐದರೊಳಗೆ ಕೊಡ್ರೀ, ಆಮೇಲೆ ನಿಮಗೆ ಟೇಬಲ್ ಕೆಲಸ" ಎಂದು ಸಾಹೇಬರು ಬದರೀನಾರಾಯಣ ಮಾತು ಕೊಟ್ಟಿದ್ದರು. ಫ್ಯಾನಿನ ಕೆಳಗಿನ ಆ ಕುರ್ಚಿ ಎರಡು ವಾರದಿಂದ ಅವನ ಕನಸಿಗೆ ಬರುತ್ತಿತ್ತು.

ಉಳಿದ ಐದು ಕಲ್ಲೂ ಒಂದೊಂದು ಹಿತ್ತಲು ಸೇರಿದ್ದವು. ಒಂದಕ್ಕೆ ಎಮ್ಮೆ ಕಟ್ಟಿತ್ತು. ಕಲ್ಲು ಕಿತ್ತ ಹಳೇ ಗುಂಡಿಗಳೆಲ್ಲ ಮಳೆಗೆ ಮುಚ್ಚಿಹೋಗಿದ್ದವು.

"ಎಲ್ಲಿದ್ವೋ ಅಲ್ಲೇ ಇಟ್ಬಿಡಿ, ಪುಣ್ಯ ಬರತ್ತೆ" ಎಂದು ಲಕ್ಷ್ಮಯ್ಯ ದಂಡೆಯ ಮನೆಯವರಿಗೆಲ್ಲ ಕೈಮುಗಿದ.

ಅಷ್ಟರಲ್ಲಿ ರಿಟೈರ್ಡ್ ಗುಮಾಸ್ತ ಪುಟ್ಟಯ್ಯ ಕೊಡೆ ಊರಿಕೊಂಡು ಬಂದರು. ಕರೆಯದೆ ಬರುವುದು, ಕೇಳದೆ ಹೇಳುವುದು ಅವರ ಸಮಾಜಸೇವೆ.

"ಯೋಚನೆ ಮಾಡಿ ಇಡ್ರಮ್ಮಾ! ಕಲ್ಲು ಹಳ್ಳಕ್ಕೆ ಹತ್ರ ಬಂತೋ, ಅಪಾಯದ ಮನೆ ಅಂತ ಎಬ್ಬಿಸ್ತಾರೆ."

"ಇಲ್ಲಮ್ಮಾ, ಹತ್ರ ಬಂದ್ರೆ ಗೋಡೆ ಕಟ್ಟಿಕೊಡ್ತಾರೆ!" ಲಕ್ಷ್ಮಯ್ಯ ಕೂಗಿದ.

"ಸರ್ಕಾರ ಗೋಡೆ ಕಟ್ಕೊಡತ್ತಂತೆ!" ಪಿಳ್ಳಮ್ಮ ನಕ್ಕರು. ದಂಡೆಯುದ್ದಕ್ಕೂ ನಗು ಹಬ್ಬಿತು.

ಅವನು ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಆರು ಕಲ್ಲೂ ನೆಟ್ಟಗೆ ನಿಂತಿದ್ದವು, ಹಳ್ಳದಿಂದ ಆದಷ್ಟು ದೂರಕ್ಕೆ. ಪಿಳ್ಳಮ್ಮನ ಕಲ್ಲಂತೂ ಅಡುಗೆಮನೆ ಬಾಗಿಲಿಗೇ ಅಂಟಿಕೊಂಡಿತ್ತು. ಟೇಪು ಹಿಡಿದರೆ ಹದಿನಾಲ್ಕಡಿ, ಹದಿನಾರಡಿ! ಹಳ್ಳ ಮಣ್ಣು ತಿನ್ನುವುದು ಬಿಟ್ಟು ಕಕ್ಕಲು ಶುರುಮಾಡಿದಂತಿತ್ತು. ಪಕ್ಕದಲ್ಲೇ ಪಿಳ್ಳಮ್ಮನ ನುಗ್ಗೆಮರ ಬೇರು ತೋರಿಸಿಕೊಂಡು ನೀರಿಗೆ ಬಾಗಿತ್ತು.

"ಅಮ್ಮಾ, ಬರೋ ಮಳೆಗಾಲಕ್ಕೆ ನಿಮ್ಮ ಹಿತ್ಲೇ ಹೋಗತ್ತೆ. ನಿಜ ಹೇಳಿ, ಕಲ್ಲು ಎಲ್ಲಿತ್ತು?"

"ಇಲ್ಲೇ ಇತ್ತು, ದೇವರಾಣೆ" ಅಂದರು ಪಿಳ್ಳಮ್ಮ. ದೇವರಾಣೆ ಮಾತ್ರ ಸಣ್ಣ ದನಿಯಲ್ಲಿ ಬಂತು.

ಗಂಟೆ ನಾಲ್ಕಾಯಿತು. ಲಕ್ಷ್ಮಯ್ಯ ನೋಟ್‌ಬುಕ್ ತೆಗೆದ. ಇದನ್ನು ಬರೆದರೆ ಈ ಹೆಂಗಸಿಗೆ ಗೋಡೆಯಿಲ್ಲ, ಬರೆಯದಿದ್ದರೆ ತನಗೆ ಕುರ್ಚಿಯಿಲ್ಲ. ಕಡೆಗೆ ಮಂಡಿನೋವೇ ಗೆದ್ದಿತು. ಟೇಪು ಹೇಳಿದ್ದನ್ನೇ ಬರೆದುಕೊಂಡು ಬಸ್ಸು ಹತ್ತಿದ.

ಬದರೀನಾರಾಯಣ ರಿಪೋರ್ಟನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಏನ್ರೀ ಇದು! ಊರಲ್ಲಿರೋ ದಂಡೆಯೆಲ್ಲ ಕುಸೀತಿದೆ, ನೀವು ಕಲ್ಲು ನೆಟ್ಟ ಕಡೆ ಮಾತ್ರ ಬೆಳೆದಿದೆ!"

ಲಕ್ಷ್ಮಯ್ಯನಿಗೆ ತಡೆಯಲಾಗಲಿಲ್ಲ. "ಸಾರ್, ಅದ್ರಲ್ಲಿ ನನ್ನದೇನೂ ಇಲ್ಲ, ಎಲ್ಲಾ ಆ ಜನ..."

"ನೋಡಿ, ಅದೇ ದೊಡ್ಡಗುಣ! ಬೇರೆಯವ್ರಾಗಿದ್ರೆ ಜಂಬ ಕೊಚ್ಕೋತಿದ್ರು. ಇದು ಕೈಗುಣ ಕಣ್ರೀ, ಕೈಗುಣ! ಇಂಥ ಕೈಗೆ ಪೆನ್ನು ಕೊಟ್ಟು ಮೂಲೇಲಿ ಕೂರಿಸೋದಾ? ಇನ್ಮೇಲೆ ಊರಿನ ಅಷ್ಟೂ ಹಳ್ಳಕ್ಕೆ ನೀವೇ ಕಲ್ಲು ನೆಡಬೇಕು."

ಬಾಗಿಲವರೆಗೆ ಹೋದವನನ್ನು ಸಾಹೇಬರು ಮತ್ತೆ ಕರೆದರು.

"ನಾಳೆ ಏಳು ಗಂಟೆಗೆ, ಮೊದಲು ಎನ್.ಆರ್. ಕಾಲೋನಿಗೆ, ನಮ್ಮನೆಗೆ ಬಂದ್ಬಿಡಿ. ಕರಿಬೇವು ಮೂರು ಸಲ ನೆಟ್ರೂ ಹಿಡೀತಿಲ್ಲ ಅಂತ ಮನೆಯವಳು ಕೊರಗ್ತಿದಾಳೆ. ಹಾರೆ ಮರೀಬೇಡಿ."