ಬಾನೆಟ್ಟಿಗೊಂದು ಬೊಟ್ಟು

ಆ ಶುಕ್ರವಾರವೂ ನಮ್ಮ ಮನೆಯ ಬೆಳಗು ಎಂದಿನಂತೆ ಕಾರಿನಿಂದಲೇ ಶುರುವಾಯಿತು. ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿತು. ನಾನು ಡಿಕಾಕ್ಷನ್ನಿಗೆ ಬಿಸಿನೀರು ಸುರಿದೆ, ಅತ್ತೆ ಹೊಸ್ತಿಲ ಮುಂದೆ ರಂಗೋಲಿಯ ಕೊನೆಯ ಎಳೆ ಎಳೆದರು. ಅಷ್ಟರಲ್ಲಿ ಮಾವನವರು ಹಳೆಯ ಪಂಚೆಯ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು ಷೆಡ್ಡಿನ ಬಾಗಿಲು ತೆಗೆದು ಕಾರನ್ನು ಅಂಗಳಕ್ಕೆ ತಂದರು. ಅವರ ಸ್ನಾನಕ್ಕೆ ಮೊದಲು ಕಾರಿನ ಸ್ನಾನವಾಗಬೇಕು. ಮೂವತ್ತು ವರ್ಷ ಮೇಷ್ಟರಾಗಿದ್ದವರು ನಿವೃತ್ತರಾದಾಗ ಕೊಂಡ ಕಪ್ಪು ಅಂಬಾಸಡರ್ ಅದು. ಮಕ್ಕಳ ಕಿವಿ ಹಿಂಡಿ ಅಭ್ಯಾಸವಾಗಿದ್ದ ಅವರ ಕೈ ಈಗ ಆ ಕಾರಿನ ಕಿವಿಯ ಸಂದು, ಮೂಗಿನ ಸಂದುಗಳನ್ನೆಲ್ಲ ಪಂಚೆಯ ತುದಿಯಿಂದ ಒರೆಸುತ್ತದೆ. ನಮ್ಮ ಯಜಮಾನರು ಈ ಹೊತ್ತಿಗೆ ವಿ.ಸಿ. ಫಾರಂನ ಕೆಲಸಕ್ಕೆಂದು ಸೈಕಲ್ ತುಳಿಯುತ್ತಿರುತ್ತಾರೆ. ಮನೆಯಲ್ಲಿ ಕಾರಿದ್ದೂ ಸೈಕಲ್ಲೇಕೆ ಎಂದು ಹೊಸಬರು ಕೇಳುವುದುಂಟು. ನಮ್ಮ ಮನೆಯಲ್ಲಿ ಕಾರು ಇರುವುದು ಒರೆಸುವುದಕ್ಕೆ. ಓಡಿಸುವುದು ಮಾವನವರು ಮಾತ್ರ, ಅದೂ ರಾಹುಕಾಲ, ಮಳೆಯ ಮೋಡ, ಎತ್ತಿನಗಾಡಿ ಯಾವುದೂ ಇಲ್ಲದ ದಿನ.

ನನ್ನ ಹತ್ತಿರ ಲೈಸೆನ್ಸ್ ಇದೆ ಎಂದು ನಾನೀಗ ನಾಚಿಕೆಯಿಂದಲೇ ಹೇಳಿಕೊಳ್ಳಬೇಕು. ಮದುವೆಗೆ ಮುಂಚೆ ಹಲಗೂರಿನಲ್ಲಿ ನಮ್ಮಣ್ಣ ತನ್ನ ಜೀಪಿನಲ್ಲಿ ಕೂರಿಸಿ ಕಲಿಸಿದ್ದ. ಆ ಲೈಸೆನ್ಸ್ ನನ್ನ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮೂರು ವರ್ಷದಿಂದ ಬೆಚ್ಚಗೆ ಮಲಗಿದೆ. ಈ ಮೂರು ವರ್ಷಗಳಲ್ಲಿ ನಾನು ಕಾರು ಓಡಿಸಿದ್ದು ಷೆಡ್ಡಿನಿಂದ ಗೇಟಿನವರೆಗೆ ಎರಡು ಸಲ. ಎರಡು ಸಲವೂ ಮಾವನವರು ಮುಂದೆ ಮುಂದೆ ಹಿಮ್ಮೊಗವಾಗಿ ನಡೆಯುತ್ತಾ, ತಪ್ಪು ಹೆಜ್ಜೆ ಇಡುವ ಮಗುವನ್ನು ಕರೆಯುವಂತೆ ಎರಡೂ ಕೈ ಚಾಚಿಕೊಂಡಿದ್ದರು. ಬರುವ ಭಾನುವಾರ ಅಣ್ಣನ ಮಗುವಿಗೆ ನಾಮಕರಣ. ನನಗಿದ್ದದ್ದು ಒಂದೇ ಆಸೆ. ತೌರುಮನೆಯ ಮುಂದೆ ಕಾರು ನಿಲ್ಲಬೇಕು, ನಾನು ಬಲಗಡೆಯ ಬಾಗಿಲಿನಿಂದ ಇಳಿಯಬೇಕು. ಎಡಗಡೆಯಿಂದ ಯಾರು ಬೇಕಾದರೂ ಇಳಿಯಬಹುದು. ಸ್ಟಿಯರಿಂಗು ಇರುವುದು ಬಲಗಡೆ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಬೆವರಿನಲ್ಲಿ ಕುಂಕುಮ ಕದಡಿಕೊಂಡು, ಯಾರದೋ ಕೋಳಿಬುಟ್ಟಿಯ ಪಕ್ಕ ಕೂತು ತೌರಿಗೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಮಾವನವರನ್ನು ಕೇಳಿದ್ದಕ್ಕೆ "ನೋಡೋಣಮ್ಮ" ಎಂದಿದ್ದರು. ಅವರು ತೇರ್ಗಡೆಯಾಗದ ಹುಡುಗರ ಅಪ್ಪಂದಿರಿಗೂ ಹಾಗೆಯೇ ಹೇಳುತ್ತಿದ್ದರಂತೆ.

ಇಂಥ ಸಮಯದಲ್ಲಿ ಮನೆಗೆ ಪಾಲಿಷ್ ಮಿಷಿನ್ ಬಂತು. ಎದುರು ಮನೆಯ ನಿಂಗೇಗೌಡರ ಅಳಿಯ ಮದ್ದೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಾನೆ. ಅವನಿಂದ ಗೌಡರು ಒಂದು ಗೋಣಿಚೀಲದಲ್ಲಿ ಅದನ್ನು ತಂದು ನಮ್ಮ ಯಜಮಾನರ ಕೈಗೆ ಕೊಟ್ಟಿದ್ದರು. "ಲಾರಿನೇ ಕನ್ನಡಿ ಮಾಡ್ಬುಡ್ತದೆ ಕಣ್ ಸ್ವಾಮಿ, ನಿಮ್ ಕಾರ್ ಯಾವ್ ಲೆಕ್ಕ" ಎಂದೂ ಹೇಳಿದ್ದರು. ಒರೆಸಿ ಒರೆಸಿ ನಮ್ಮ ಕಾರು ಮಕ್ಕಳ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಯಜಮಾನರು "ನೀನು ಮುಟ್ಟಬೇಡ, ಭಾನುವಾರ ಬಿಡುವು ಮಾಡಿಕೊಂಡು ನಾನೇ ಮಾಡುತ್ತೇನೆ" ಎಂದರು. ಭಾನುವಾರ ನಾಮಕರಣ ಎಂದು ನೆನಪಿಸಿದೆ. "ಹಾಗಾದರೆ ಮುಂದಿನ ಭಾನುವಾರ" ಎಂದರು. ದೀಪಾವಳಿಗೆ ಹೊಡೆಯುತ್ತೇನೆಂದ ಅಡುಗೆಮನೆಯ ಗೂಟ ಯುಗಾದಿ ದಾಟಿದರೂ ಇನ್ನೂ ಡಬ್ಬದಲ್ಲೇ ಇರುವುದನ್ನು ನಾನು ಬಲ್ಲೆ. ಆ ಶುಕ್ರವಾರ ಮಾವನವರು ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆಂದು ರೈಲಿನಲ್ಲಿ ಮದ್ದೂರಿಗೆ ಹೊರಟರು. ಬರುವುದು ಸಂಜೆ. ಕಾರು ಕನ್ನಡಿಯಾಗಿರುವುದನ್ನು ಕಂಡರೆ ಸಂತೋಷಕ್ಕೆ ಬೀಗದ ಕೈ ತಾನಾಗಿ ನನ್ನ ಕೈಗೆ ಬೀಳುತ್ತದೆ ಎಂದು ನಾನು ಲೆಕ್ಕ ಹಾಕಿದೆ.

ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರವಿರುವ ಪ್ರತಿಯೊಂದು ವಸ್ತುವಿಗೂ ನಾನೇ ತಜ್ಞೆ. ಔಷಧಿಯ ಸೀಸೆ, ಗ್ಯಾಸ್ ಒಲೆಯ ಚೀಟಿ, ಸಾವಿನ ತಂತಿ, ಎಲ್ಲವೂ ನನ್ನ ಹತ್ತಿರವೇ ಬರುತ್ತವೆ. ಮಿಷಿನ್ನಿನ ಜೊತೆ ಎಣ್ಣೆಜಿಡ್ಡಿನ ಒಂದು ಕಾಗದವಿತ್ತು. ಅತ್ತೆ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಾ, ಮನೆಗೆಲಸದ ಕೆಂಪಮ್ಮ ಕಂಬಕ್ಕೆ ಒರಗಿ, ಪುರಾಣಕ್ಕೆ ಕೂತವರಂತೆ ಕೂತರು. ನಾನು ಓದಿ ಅರ್ಥ ಹೇಳಿದೆ. ಮೊದಲು ಯಾರ ಕಣ್ಣಿಗೂ ಬೀಳದ ಸಣ್ಣ ಜಾಗದಲ್ಲಿ ಪ್ರಯೋಗ ಮಾಡಿ. "ಅಂಥ ಜಾಗ ಈ ಕಾರಿನಲ್ಲಿ ಎಲ್ಲಿದೆಯಮ್ಮ, ಅವರು ಕಾರಿನಡಿ ಮಲಗಿಯೂ ಒರೆಸುತ್ತಾರೆ" ಎಂದರು ಅತ್ತೆ. ಮಾತು ನಿಜವಾದ್ದರಿಂದ ಆ ಸಾಲು ಬಿಟ್ಟೆವು. ಏಣುಗಳ ಮೇಲೆ ಬಣ್ಣ ತೆಳುವಾಗಿರುತ್ತದೆ, ಎಚ್ಚರ. ಯಂತ್ರವನ್ನು ಒಂದೇ ಕಡೆ ನಿಲ್ಲಿಸಬೇಡಿ. ಇದನ್ನು ನಾನು ಎರಡು ಸಲ ಓದಿದೆ, ಬಹಳ ಸ್ಪಷ್ಟವಾದ ಉಚ್ಚಾರಣೆಯಲ್ಲಿ.

ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಿಂದ ಕಿಟಕಿಯ ಸರಳಿನ ನಡುವೆ ವೈರು ಎಳೆದೆವು. ಮಿಷಿನ್ ಒಂದು ರುಬ್ಬುಗುಂಡಿನಷ್ಟು ಭಾರ. ಅದರ ಮೂತಿಗೆ ಕುರಿಯುಣ್ಣೆಯ ದುಂಡು ಟೋಪಿ, ಥೇಟ್ ಎಳೆಗೂಸಿನ ಚಳಿಗಾಲದ ಕುಲಾವಿ. "ಇದೇನ್ರವ್ವಾ, ಕುರಿಮರಿ ತಲೆ ಕಡ್ದು ಕಬ್ಬುಣಕ್ಕೆ ಸಿಗ್ಸವ್ರೆ" ಎಂದಳು ಕೆಂಪಮ್ಮ. ನಾನು ಸೆರಗು ಸಿಕ್ಕಿಸಿ, ಟೋಪಿಯ ತುಂಬ ಬಿಳಿ ಪಾಲಿಷ್ ಬಳಿದು, ಮಿಷಿನ್ನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗುಂಡಿ ಒತ್ತಿದೆ. ಮೊದಲು ಬಾನೆಟ್ಟಿಗೆ ತಾಗಿಸಿ ಆಮೇಲೆ ಒತ್ತಬೇಕಾಗಿತ್ತು ಎನ್ನುವುದು ಮುಂದಿನ ಅರೆಕ್ಷಣದಲ್ಲಿ ಎಲ್ಲರಿಗೂ ಮನದಟ್ಟಾಯಿತು. ಗೋಡೆ, ತುಳಸಿಕಟ್ಟೆ, ಒಣಗಲು ಹಾಕಿದ್ದ ಮಾವನವರ ಶರಟು, ಅತ್ತೆಯ ಕನ್ನಡಕ, ಅವರೆಕಾಳು ಎಲ್ಲಕ್ಕೂ ಪಾಲಿಷ್ ಸಿಕ್ಕಿತು, ಕಾರಿಗೊಂದನ್ನು ಬಿಟ್ಟು. "ಅಯ್ಯೋ ಇದ್ರ ಮನೆ ಕಾಯ್ವೋಗ!" ಎಂದು ಕೆಂಪಮ್ಮ ಮುಖ ಒರೆಸಿಕೊಂಡಳು. "ಕಾರ್ಗೆ ಬಳೀರವ್ವ ಅಂದ್ರೆ ನಂಗೇ ಬಳೀತೀರಲ್ಲ. ನಾನೇನ್ ಇನ್ ಒಳೀಬೇಕಾ ಈ ವಯಸ್ನಲ್ಲಿ?" ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಗಾಜು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ ಎಂದರು. ಅದೇ ನನಗೆ ಧೈರ್ಯ ಕೊಟ್ಟಿದ್ದು.

ಮುಂದಿನ ತೊಂದರೆ ಕರೆಂಟಿನದು. ನಮ್ಮೂರಿನ ಸುತ್ತ ಕಬ್ಬಿನ ಗದ್ದೆಗಳ ಪಂಪುಸೆಟ್ಟುಗಳೂ ಆಲೆಮನೆಗಳ ಗಾಣಗಳೂ ಒಟ್ಟಿಗೆ ಶುರುವಾದರೆ ನಮ್ಮ ಹಜಾರದ ಬಲ್ಬು ನೀರುಮಜ್ಜಿಗೆಯಷ್ಟು ಬೆಳಕು ಕೊಡುತ್ತದೆ. ಆ ಬೆಳಿಗ್ಗೆ ಮಿಷಿನ್ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಟೋಪಿಯ ಮೇಲಿನ ಕೂದಲನ್ನು ಎಣಿಸಬಹುದಿತ್ತು. "ಹಾಗೆ ಸವರಿದರೆ ಬೆಳ್ಳಿ ಚೊಂಬೂ ಹೊಳೆಯುವುದಿಲ್ಲ. ಒತ್ತಿ ತಿಕ್ಕು" ಎಂದರು ಅತ್ತೆ. ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ದೀಪದ ಕಂಬ ತಿಕ್ಕಿದವರಿಗೆಲ್ಲ ಒತ್ತಿ ತಿಕ್ಕುವುದು ಗೊತ್ತು. ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಒಂದು ಗಂಟೆ ಕಳೆಯಿತು, ಭುಜ ಸೋತಿತು, ಕೆಂಪಮ್ಮ ಎರಡು ಸಲ ಎಲೆಯಡಿಕೆ ಹಾಕಿಕೊಂಡಳು. ಆಗ ಒಂದು ಪವಾಡ ನಡೆಯಿತು. ಸ್ಲೇಟು ಬಣ್ಣದ ಕೆಳಗಿನಿಂದ, ಕೆಸರಿನಿಂದ ಎಮ್ಮೆ ಎದ್ದ ಹಾಗೆ, ಕರಿಯ ಹೊಳಪೊಂದು ಎದ್ದುಬಂತು. ಅದರಲ್ಲಿ ಆಕಾಶವಿತ್ತು, ತೆಂಗಿನ ಗರಿಯಿತ್ತು, ಕಡೆಗೆ ನಾನೂ ಇದ್ದೆ.

ನನ್ನನ್ನು ನೋಡಿಕೊಂಡದ್ದೇ ತಪ್ಪಾಯಿತು. ಮೂಗಿನ ತುದಿಯಲ್ಲಿ ಪಾಲಿಷಿನ ಬಿಳಿ ಚುಕ್ಕೆ, ಹಣೆಯ ಮೇಲೆ ಜಾರಿದ ಕೂದಲು. ಸರಿಮಾಡಿಕೊಳ್ಳೋಣವೆಂದು ಒಂದು ಕೈ ಬಿಟ್ಟು ಬಗ್ಗಿದೆ. ಸರಿಯಾಗಿ ಆ ಗಳಿಗೆಯಲ್ಲಿ ಎಲ್ಲಿಯೋ ಯಾರೋ ಪಂಪುಸೆಟ್ಟು ನಿಲ್ಲಿಸಿರಬೇಕು. ಹಜಾರದ ಬಲ್ಬು ಝಗ್ಗನೆ ಹತ್ತಿತು, ಮಿಷಿನ್ ಕಿರುಚಿತು, ನಾನು ಮುಂಗುರುಳು ಸಿಕ್ಕಿಸಿಕೊಂಡು ಮುಗಿಸುವುದರೊಳಗೆ "ಏನೋ ಸೀಯ್ತಾ ಇದೆ, ಒಲೆ ನೋಡು" ಎಂದು ಅತ್ತೆ ಕೂಗಿದರು. ಒಲೆ ಆರಿತ್ತು. ಮಿಷಿನ್ ಎತ್ತಿದೆ. ಬಾನೆಟ್ಟಿನ ನಟ್ಟನಡುವೆ, ಉದ್ದಕ್ಕೆ ಹಾದ ಏಣಿನ ಮೇಲೆ, ಕಪ್ಪೆಲ್ಲ ಹಾರಿಹೋಗಿ ಅದರಡಿಯ ಕೆಂಪು ಪ್ರೈಮರು ಎಂಟಾಣೆಯಗಲಕ್ಕೆ ದುಂಡಗೆ ಕಾಣುತ್ತಿತ್ತು.

ನಾನು ಮಿಷಿನ್ನನ್ನು ಮೆಟ್ಟಿಲ ಮೇಲೆ ಇಟ್ಟೆ. ಬಲಗಡೆಯ ಬಾಗಿಲು ಹೋಯಿತು, ಇನ್ನು ಕಾರಿನ ಎಡಬಾಗಿಲಿಗೂ ನನ್ನನ್ನು ಬಿಟ್ಟುಕೊಳ್ಳುವ ಹಾಗಿಲ್ಲ. ಕೆಂಪಮ್ಮ ಕಾಡಿಗೆ ಹಚ್ಚಿ ಎಂದಳು. ಹಚ್ಚಿದೆವು. ಬಿಸಿಲಿಗೆ ಕರಗಿ ಹೆಡ್‌ಲೈಟಿನ ಕಡೆಗೆ ಹರಿಯಿತು, ಕಾರು ಅತ್ತ ಹಾಗೆ ಕಂಡಿತು. ಯಜಮಾನರ ಬೂಟಿನ ಪಾಲಿಷ್ ಹಚ್ಚಿದೆವು. ಅದು ಕಂದುಬಣ್ಣದ್ದು. ಅತ್ತೆ ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಒಳಗೆ ಹೋಗಿ, ಕುಂಕುಮದ ಭರಣಿ ಹಿಡಿದು ಬಂದರು. ಕಣ್ಣಿನಲ್ಲಿ ಒಂಥರಾ ಕಾಂತಿ. ಕಾರು ಮನೆಗೆ ಬಂದ ದಿನದಿಂದಲೂ ಅವರಿಗೂ ಮಾವನವರಿಗೂ ಇದೊಂದು ವ್ಯಾಜ್ಯ. ಆಯುಧಪೂಜೆಯ ದಿನ ಇವರು ಬಾನೆಟ್ಟಿಗೆ ಕುಂಕುಮ ಇಡುವುದು, ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಅವರು "ಯಂತ್ರಕ್ಕೆ ಎಂಥ ಕುಂಕುಮ, ಕಾರೇನು ಮುತ್ತೈದೆಯೇ?" ಎಂದು ಒರೆಸಿಬಿಡುವುದು. ಅತ್ತೆ ಉಂಗುರದ ಬೆರಳಿನಿಂದ ಆ ಕೆಂಪಿನ ಮೇಲೆ ಅಚ್ಚುಕಟ್ಟಾಗಿ ಕುಂಕುಮ ಒತ್ತಿದರು. "ಇವತ್ತು ಶುಕ್ರವಾರ. ನಾನಿಟ್ಟೆ ಅಂತ ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಸಂಜೆ ಮಾವನವರು ತಾಂಬೂಲದ ತೆಂಗಿನಕಾಯಿ ಹಿಡಿದು ಗೇಟು ತೆಗೆದವರು ಅಲ್ಲೇ ನಿಂತರು. ಬಾನೆಟ್ಟು ಸಂಜೆಯ ಬಿಸಿಲಿನಲ್ಲಿ ಕೆರೆಯ ಹಾಗೆ ಹೊಳೆಯುತ್ತಿತ್ತು. ಹತ್ತಿರ ಬಂದರು, ಬಗ್ಗಿದರು, ಜೇಬಿನಿಂದ ಬಾಚಣಿಗೆ ತೆಗೆದು ಇದ್ದ ನಾಲ್ಕು ಕೂದಲನ್ನು ಸರಿಮಾಡಿಕೊಂಡರು. ನನ್ನ ಎದೆ ಹೂವಾಯಿತು. ಆಮೇಲೆ ಕುಂಕುಮ ಕಂಡಿತು.

"ಇವಳೇ! ಮತ್ತೆ ಶುರು ಮಾಡಿದೆಯಾ?"

"ಶುಕ್ರವಾರ" ಎಂದರು ಅತ್ತೆ, ಒಳಗಿನಿಂದಲೇ. "ಇಟ್ಟದ್ದನ್ನು ಅಳಿಸಬಾರದು."

ಮಾವನವರು ಉತ್ತರೀಯದ ತುದಿಯಿಂದ ಒರೆಸಿದರು. ಪುಡಿ ಹೋಯಿತು, ಕೆಂಪು ಹೋಗಲಿಲ್ಲ. ತುದಿಯನ್ನು ನೆನೆಸಿಕೊಂಡು ಬಂದು ಉಜ್ಜಿದರು. ಉಜ್ಜಿದಷ್ಟೂ ಅದು ಹೊಸದಾಗಿ ಮದುವೆಯಾದವಳ ಹಣೆಯ ಹಾಗೆ ಲಕ್ಷಣವಾಯಿತು. "ಏನೇ ಇದು, ಅರಗಿನಲ್ಲಿ ಕಲಸಿ ಇಟ್ಟಿದ್ದೀಯಾ?" ಎಂದರು. ನಲವತ್ತು ವರ್ಷ ಅವರ ಯಾವ ಮಾತಿಗೂ ಉತ್ತರ ಬಾಕಿ ಉಳಿಸದ ಅತ್ತೆ ಅಂದು ಒಳಗೆ ಸದ್ದು ಮಾಡಿ ಪಾತ್ರೆ ಜೋಡಿಸತೊಡಗಿದರು. ಅವರು ಮೂರನೆಯ ಸಲ ಉಜ್ಜುವುದಕ್ಕೆ ಬಗ್ಗಿದಾಗ, ಆ ವಯಸ್ಸಾದ ಬೆನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಸೂತಿ ಕಲಿಸಲು ಸೋತಿದ್ದರು, ಪಿಯಾನೋ ಕಲಿಸಲು ಸೋತಿದ್ದರು. ಕಲಿಸಿದ್ದು ಒಂದೇ: ತಪ್ಪು ಮಾಡಿದವರು ಬೆಂಚಿನಿಂದ ಎದ್ದು ನಿಲ್ಲಬೇಕು.

"ಅದು ಕುಂಕುಮ ಅಲ್ಲ, ಮಾವ. ಬಣ್ಣ ಸುಟ್ಟಿದೆ. ಮಿಷಿನ್ ಹಿಡಿದದ್ದು ನಾನು."

ಅವರು ನೆಟ್ಟಗಾದರು. "ಯಾಕೆ ಸುಟ್ಟಿತು?" ಬೈಗುಳವಲ್ಲ, ಪರೀಕ್ಷೆಯ ಪ್ರಶ್ನೆ.

"ಒಂದೇ ಕಡೆ ನಿಲ್ಲಿಸಿಬಿಟ್ಟೆ."

"ನಿಲ್ಲಿಸಬಾರದು ಅಂತ ಗೊತ್ತಿರಲಿಲ್ಲವೋ?"

"ಗೊತ್ತಿತ್ತು."

"ಮತ್ತೆ?"

"ಮುಖ ನೋಡಿಕೊಳ್ಳುತ್ತಿದ್ದೆ."

ಕಂಬದ ಹಿಂದೆ ಕೆಂಪಮ್ಮ ಕಿಸಕ್ಕೆಂದಳು. ಮಾವನವರು ಕೈಯಲ್ಲಿ ಇನ್ನೂ ಹಿಡಿದೇ ಇದ್ದ ಬಾಚಣಿಗೆಯನ್ನು ಒಮ್ಮೆ ನೋಡಿ, ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಆಮೇಲೆ, "ಇವಳೇ, ಆ ಭರಣಿ ತಾ" ಎಂದರು. ಬರಿಯ ಕೆಂಪಿಗಿಂತ ಕುಂಕುಮವೇ ಮರ್ಯಾದೆ ಎಂದು ಕಂಡಿರಬೇಕು. ಸ್ವತಃ ಬೆರಳು ಅದ್ದಿ, ಯಾರೂ ನೋಡುತ್ತಿಲ್ಲವೇ ಎಂದು ಬೀದಿಯ ಎರಡೂ ಕಡೆ ನೋಡಿ, ಇಟ್ಟರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು.

"ಬಣ್ಣದವನು ಬರುವುದು ಸೋಮವಾರವೇ" ಎಂದರು ಮಾವನವರು, ನನ್ನ ಮುಖ ನೋಡದೆ. "ಅಲ್ಲಿಯವರೆಗೆ ನಾನು ಇದರ ಮುಂದಿನ ಸೀಟಿನಲ್ಲಿ ಕೂತು ಪೇಟೆಯಲ್ಲಿ ಹೋಗಲಾರೆ. ಅರ್ಧ ಊರು ನನ್ನ ಹತ್ತಿರ ಪಾಠ ಕೇಳಿದೆ. ಮೇಷ್ಟ್ರು ಕಾರಿಗೆ ಬೊಟ್ಟಿಟ್ಟರು ಅಂತಾರೆ. ಭಾನುವಾರ ನೀನೇ ಓಡಿಸು, ನಾನು ಹಿಂದೆ ಕೂತಿರುತ್ತೇನೆ. ತೊಗೊ, ಈಗೊಂದು ಸಲ ಬೀದಿಯ ತುದಿಯವರೆಗೆ ಹೋಗಿ ಬಾ."

ಬೀಗದ ಕೈ ನನ್ನ ಅಂಗೈಯಲ್ಲಿತ್ತು. ಒಳ್ಳೆಯ ಕೆಲಸ ಮಾಡಿದ್ದರೆ ಅದು ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ ಎಂಬ ಅನುಮಾನ ಬಂದರೂ ಅದನ್ನು ಬದಿಗಿಟ್ಟು, ಬಲಗಡೆಯ ಬಾಗಿಲು ತೆಗೆದು ಕೂತೆ. ಮಾವನವರು ಹಿಂದಿನ ಸೀಟಿನಲ್ಲಿ ಕಿಟಕಿಗಿಂತ ಕೆಳಗೆ ತಲೆ ತಗ್ಗಿಸಿ ಕೂತರು. ಕಾರು ಎರಡು ಸಲ ಬಿಕ್ಕಿ, ಮೂರನೆಯದಕ್ಕೆ ಗೇಟು ದಾಟಿತು. ಎದುರಿಗೆ ನಿಂಗೇಗೌಡರು ಆಗತಾನೆ ಗದ್ದೆಯಿಂದ ಬಂದು ಬೀದಿಯಂಚಿನ ಗೂಟಕ್ಕೆ ಕರು ಕಟ್ಟುತ್ತಿದ್ದರು. ಸ್ಟಿಯರಿಂಗಿನ ಹಿಂದೆ ನನ್ನನ್ನು ನೋಡಿದರು, ಬಾನೆಟ್ಟನ್ನು ನೋಡಿದರು. ನಾನು ಮುಗುಳುನಕ್ಕೆ. ಗೌಡರು ಕಟ್ಟಿದ ಗಂಟನ್ನು ನಿಧಾನವಾಗಿ ಬಿಚ್ಚಿ, ಕರುವನ್ನು ಮನೆಯೊಳಕ್ಕೆ ಎಳೆದುಕೊಂಡು ಹೋಗುತ್ತಾ ಹೆಂಡತಿಗೆ ಹೇಳಿದರು:

"ಸೊಸೆಯಮ್ಮಾರು ಓಡುಸ್ತಾವ್ರೆ ಕಣಮ್ಮಿ. ಅದ್ಕೇಯ ಮೇಷ್ಟ್ರು ಮೊದ್ಲೇ ಕುಂಕುಮ ಇಟ್ಬುಟ್ಟವ್ರೆ."