ದೊಡ್ಡಪ್ಪ ಕುಡಿಯದ ನೀರು

ನೀರಿನ ಲೋಟ ಕಂಡರೆ ಹಾವು ಕಂಡವರಂತೆ ಹಿಂದೆ ಸರಿಯುವ ಮನುಷ್ಯನನ್ನು ನೀವು ನೋಡಿದ್ದೀರಾ? ಅರಸೀಕೆರೆಗೆ ಬನ್ನಿ, ನಮ್ಮ ದೊಡ್ಡಪ್ಪನನ್ನು ತೋರಿಸುತ್ತೇನೆ. ಹೆದರಬೇಡಿ, ಹುಚ್ಚುನಾಯಿ ಗಿಚ್ಚುನಾಯಿ ಕಚ್ಚಿಲ್ಲ! ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು, ಅಷ್ಟೆ.

ನಿವೃತ್ತಿಯಾದ ಮೇಲೆ ಬೇರೆಯವರು ಭಜನೆಗೋ ವಾಕಿಂಗಿಗೋ ಹೋದರೆ ಇವರು ನೀರಿನ ಬೆನ್ನು ಹತ್ತಿದರು. ನಾವು ನುಂಗುವ ಮಾತ್ರೆ, ತಲೆಗೆ ಹಚ್ಚುವ ಶಾಂಪೂ, ತೋಟಕ್ಕೆ ಹೊಡೆಯುವ ಔಷಧಿ ಎಲ್ಲವೂ ಚರಂಡಿ ಸೇರಿ, ಕೆರೆ ಸೇರಿ, ಕೊನೆಗೆ ನಮ್ಮ ಲೋಟಕ್ಕೇ ಬರುತ್ತವಂತೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಅಂದಿನಿಂದ ಅವರು ಯಾರ ಮನೆಯಲ್ಲೂ ಒಂದು ಗುಟುಕು ಕುಡಿದವರಲ್ಲ. ಹೆಗಲ ಚೀಲದಲ್ಲಿ ಸ್ವಂತ ಸ್ಟೀಲ್ ಬಾಟಲಿ ಇದ್ದೇ ಇರುತ್ತದೆ.

"ಕಾಯಿಸಿ ಆರಿಸಿದ ನೀರೇ ಸಾರ್" ಎಂದು ಪಕ್ಕದ ಮನೆಯವರು ಗೋಗರೆದರೆ, "ಕಾಯಿಸಿದ್ರೆ ಕ್ರಿಮಿ ಸಾಯ್ತವೆ ಕಣ್ರೀ. ನಿಮ್ಮ ಬಿ.ಪಿ. ಮಾತ್ರೆ ಸಾಯುತ್ತಾ?" ಎನ್ನುತ್ತಾರೆ. ಪಾಪ, ಅವರ ಬಿ.ಪಿ. ಅಲ್ಲೇ ಏರುತ್ತದೆ!

ರೋಗ ಹೇಳಿದವರು ಮದ್ದನ್ನೂ ಹೇಳಬೇಕಲ್ಲ? ತೆಂಗಿನ ಸೀಮೆಯಲ್ಲಿ ಕರಟಕ್ಕೇನು ಬರವೇ! ಬೀದಿಯ ಕರಟವನ್ನೆಲ್ಲ ಹಿತ್ತಲಿಗೆ ತಂದು, ಹಳೆಯ ಡ್ರಮ್ಮಿನಲ್ಲಿ ಸುಟ್ಟು ಇದ್ದಿಲು ಮಾಡಿ, ರಾಸಾಯನಿಕಗಳನ್ನು ಅದು ಹೀರಿಕೊಳ್ಳುತ್ತದೆಂದು ಫಿಲ್ಟರ್ ಕಟ್ಟಿದರು. ಹೊಗೆ ಕಂಡು ಪಕ್ಕದ ಬೀದಿಯವರು ಬೆಂಕಿ ಆರಿಸಲು ಕೊಡ ಹಿಡಿದು ಓಡಿಬಂದರೆ, ಇವರು "ಈ ನೀರು ಎಲ್ಲಿಂದ ತಂದಿದ್ದು?" ಎಂದು ವಿಚಾರಣೆಗೆ ನಿಂತರು. ಫಿಲ್ಟರಿನಿಂದ ಮೊದಲ ಸಲ ಇಳಿದದ್ದು ಕಪ್ಪನೆಯ ಡಿಕಾಕ್ಷನ್! ದೊಡ್ಡಮ್ಮ ಇಣುಕಿ ನೋಡಿ, "ಹಾಲು ಬೆರೆಸಿ ಕೊಡ್ಲಾ?" ಅಂದರು.

ಇನ್ನೊಮ್ಮೆ ಮೈಸೂರಿನ ಲ್ಯಾಬಿಗೆ ಕಳಿಸಲೆಂದು ಹಳೇಬೀಡಿನ ಕೆರೆ ನೀರನ್ನು ಬಾಟಲಿಗೆ ತುಂಬಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಪಕ್ಕದ ಸೀಟಿನ ಅಜ್ಜಿ ಅಂಗೈ ಚಾಚಿ, "ಒಸಿ ತೀರ್ಥ ಕೊಡಪ್ಪಾ" ಎಂದಳು.

"ಇದು ತೀರ್ಥ ಅಲ್ಲಮ್ಮಾ! ಇದರಲ್ಲಿ ಏನೇನಿದೆಯೋ ಗೊತ್ತಿಲ್ಲ."

"ತೀರ್ಥದಲ್ಲಿ ಏನೈತೆ ಅಂತ ಯಾರಾನಾ ಕೇಳ್ತಾರಾ? ಕೊಡಾಕೆ ಮನ್ಸಿಲ್ಲ ಅನ್ನು!"

ಇಂಥ ಕಥೆ ಹೇಳಿ ನಗುತ್ತಿದ್ದ ನನಗೆ ನಗು ನಿಂತದ್ದು ನನ್ನದೇ ಮದುವೆಯ ಮಾತು ಬಂದಾಗ. ಹುಡುಗ ಬಾಣಾವರದ ಸ್ಕೂಲಿನಲ್ಲಿ ನನ್ನ ಜೊತೆಯ ಮೇಷ್ಟ್ರು, ಮನೆ ಹಗರೆ ಎಂಬ ಊರಿನಲ್ಲಿ. ನಮ್ಮದು ಬೇಲೂರು ಕಡೆಯ ಅರ್ಚಕರ ಮನೆತನ. ಹುಡುಗನ ಮನೆಯ ಹಿರಿಯರು ಒಂದು ಕಾಲದಲ್ಲಿ ಊರ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಈಗ ಅವರು ಬೌದ್ಧರು. ಅಂಥ ಮನೆಯಲ್ಲಿ ಕೂತು ದೊಡ್ಡಪ್ಪ "ನೀರು ಬೇಡ" ಅಂದರೆ? ಕೆಮಿಸ್ಟ್ರಿಯ ವಿಷಯ ನಾನು ಅವರಿಗೆ ಮೊದಲೇ ತಿಳಿಸಿದ್ದೆ. ಆದರೆ ಎಂಥೆಂಥ ನೆಪ ಕೇಳಿದ ಮನೆಯೋ ಅದು, ಯಾಕೆ ನಂಬಬೇಕು? ನಮ್ಮಪ್ಪನೋ, "ಅಣ್ಣ ಹೂಂ ಅಂದ್ರೆ ನಂದೂ ಹೂಂ" ಎಂದು ಕೈತೊಳೆದುಕೊಂಡಿದ್ದರು.

"ಇವತ್ತೊಂದಿನ ಬಾಟಲಿ ಮನೇಲಿರ್ಲಿ ದೊಡ್ಡಪ್ಪ" ಎಂದು ಹುಡುಗನ ಮನೆಗೆ ಹೊರಟ ಬೆಳಿಗ್ಗೆ ಬೇಡಿಕೊಂಡೆ. ಕೇಳಿಸದವರಂತೆ ಚೀಲವನ್ನು ಹೆಗಲಿಗೇರಿಸಿದರು.

ಹಗರೆಯಲ್ಲಿ ಹುಡುಗನ ತಾಯಿ ಎಲ್ಲರಿಗೂ ಲೋಟದಲ್ಲಿ ನೀರು ಕೊಟ್ಟರು. ದೊಡ್ಡಪ್ಪನ ಮುಂದೆ ಮಾತ್ರ ಅಂಗಡಿಯಿಂದ ತಂದ, ಸೀಲ್ ಒಡೆಯದ ಬಾಟಲಿ ಇಟ್ಟರು.

"ನಮ್ಮನೇದು ಬ್ಯಾಡ ಅಂದ್ರೆ ಇದು ಐತೆ ಸಾರ್. ನಮ್ಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವಾಗ ಅವರು ನೆಲ ನೋಡುತ್ತಿದ್ದರು.

ದೊಡ್ಡಪ್ಪನ ಕೈ ಅಭ್ಯಾಸದಂತೆ ಚೀಲದ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು. ಚೀಲವನ್ನು ಕಾಲಬಳಿ ಇಟ್ಟು, ಅಂಗಡಿಯ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು.

"ಇದು ಬೇಡಮ್ಮಾ. ನಿಮ್ಮ ಅಡಿಗೆಮನೆ ನೀರು ಕೊಡಿ."

ಲೋಟ ಬಂತು. ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಗಟಗಟನೆ ಕುಡಿದು, "ಇನ್ನೊಂದು ಲೋಟ" ಎಂದು ಕೈ ಚಾಚಿದರು!

ಆ ತಾಯಿಯ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಅಲ್ಲಾ ಸಾರ್, ಪರೀಕ್ಷೆ ಮಾಡ್ದೆ ಕುಡುದ್ಬುಟ್ರಲ್ಲ! ಮಾತ್ರೆ ಗೀತ್ರೆ ಬೆರೆತಿದ್ರೆ?"

"ಬೆರೆತಿದ್ರೆ ಫಿಲ್ಟರ್ ನಾನೇ ಕಟ್ಟಿಕೊಡ್ತೀನಿ. ನಮ್ಮ ಹುಡುಗಿ ಇನ್ಮೇಲೆ ದಿನಾ ಕುಡಿಯೋ ನೀರಲ್ವೇನಮ್ಮಾ? ನಾನೊಂದು ಸಲ ಕುಡಿದು ನೋಡ್ಬೇಡ್ವಾ?"

ಅದೇ ದೊಡ್ಡಪ್ಪನ ಹೂಂ ಎಂದು ಅಪ್ಪನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ನಾನು ಆಗಲೇ ಅಳುತ್ತಿದ್ದೆ.