ಚಿಂತಾಮಗ್ನ ಕೋಳಿ

1998ರ ಜೂನ್ ಮೊದಲ ವಾರ ದಾವಣಗೆರೆಯ ನಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ‘ಗಿನಿ ಕೋಳಿ ಮರಿ ಮಾಡಿಸಲು ನಾಟಿ ಕೋಳಿಯ ಆಯ್ಕೆ’ ಎಂಬ ಲೇಖನ ಪ್ರಕಟವಾಯಿತು. ಅನುವಾದ ನನ್ನದು.

ಗಿನಿ ಕೋಳಿಗೆ ತನ್ನ ಮೊಟ್ಟೆಯ ಮೇಲೆ ಕೂರುವ ತಾಳ್ಮೆ ಕಡಿಮೆ. ಅದರ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸಬೇಕು. ಎಂಥ ನಾಟಿ ಕೋಳಿ? ಇಂಗ್ಲಿಷ್ ಮೂಲದಲ್ಲಿ ‘ಬ್ರೂಡಿ’ ಎಂದಿತ್ತು. ಶಬ್ದಕೋಶ ಎರಡು ಅರ್ಥ ಕೊಟ್ಟಿತು: ಕಾವು ಕೂತ, ಚಿಂತೆಯಲ್ಲಿ ಮುಳುಗಿದ. ನಮ್ಮ ಮನೆತನದ ಹೊಸ್ತಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಆದರೂ ನನಗೆ ಅನುಮಾನ ಬರಲಿಲ್ಲ. ಹೆಚ್ಚು ಗಂಭೀರವಾಗಿ ಕಂಡ ಅರ್ಥವನ್ನು ಆರಿಸಿದೆ. ‘ಚಿಂತಾಮಗ್ನ ಕೋಳಿಯನ್ನೇ ಆಯ್ದುಕೊಳ್ಳಿ’ ಎಂಬ ವಾಕ್ಯ ದಪ್ಪಕ್ಷರದಲ್ಲಿ ಹೋಯಿತು.

ಮೂರನೇ ದಿನ ಕೊಕ್ಕನೂರಿನ ರೈತ ಹನುಮಂತಪ್ಪ ಕಚೇರಿಗೆ ಬಂದ. ಅಂಗಿ ಜೇಬಿನಲ್ಲಿ ಆ ಲೇಖನದ ತುಂಡು ಇತ್ತು.

“ಸರ, ಮಾಯಕೊಂಡದ ನಮ್ಮ ಬೀಗರು ಹತ್ತು ಗಿನಿ ಮೊಟ್ಟೆ ಕೊಟ್ಟಾರೆ. ಬಣವೆ ಹತ್ರ ಹಾವಿನ ಕಾಟ. ಈ ಕೋಳಿ ಇದ್ರೆ ಹಾವು ಕಂಡ ಕೂಡ್ಲೆ ಊರು ಒಂದಾಗೋ ಹಂಗೆ ಕೂಗ್ತಾವಂತೆ. ನಾಕು ದಿನದಾಗೆ ಕಾವಿಗೆ ಇಡದಿದ್ರೆ ಮೊಟ್ಟೆ ಕೆಡ್ತಾವೆ. ಮತ್ತೆ ಕೊಡಾಕೆ ಬೀಗರ ಹತ್ರ ಇಲ್ಲ.”

“ಇಡಿ, ಮತ್ತೇನು ತೊಂದರೆ?”

“ನಮ್ಮನ್ಯಾಗೆ ಚಿಂತೆ ಮಾಡೋ ಕೋಳಿ ಯಾವುದೂ ಇಲ್ರಿ. ಚಿಂತೆ ಎಲ್ಲಾ ನಾವೇ ಮಾಡ್ತೀವಿ.”

ತಪ್ಪು ಒಪ್ಪಿಕೊಳ್ಳಲು ಅದು ಸುಸಮಯವಾಗಿತ್ತು. ನಾನು ಚಿಂತಾಮಗ್ನ ಕೋಳಿ ಹುಡುಕಲು ಅವನ ಜೊತೆ ಹರಿಹರದ ಸಂತೆಗೆ ಹೊರಟೆ.

ಸಂತೆಯಲ್ಲಿ ಗೋಣಿಚೀಲದ ಮೇಲೆ ಇಪ್ಪತ್ತು ಕೋಳಿಗಳು ಕೂತಿದ್ದವು. ಎಲ್ಲವೂ ಚಿಂತಾಮಗ್ನ. ನನಗೆ ಲೇಖನದ ಮೇಲೆ ಹೆಮ್ಮೆ ಉಕ್ಕಿತು. ಕತ್ತು ಕುಗ್ಗಿಸಿ, ಅರ್ಧ ಕಣ್ಣು ಮುಚ್ಚಿ ಶೂನ್ಯವನ್ನು ನೋಡುತ್ತಿದ್ದ ಒಂದು ಕೆಂಪು ಕೋಳಿಯನ್ನು ತೋರಿಸಿದೆ.

“ಇದರ ಮುಖ ನೋಡು. ಆಳವಾದ ಯೋಚನೆಯಲ್ಲಿದೆ.”

ಮಾರುವವಳು ನನ್ನನ್ನೂ ಕೋಳಿಯನ್ನೂ ಒಮ್ಮೆ ನೋಡಿದಳು. “ಒಯ್ರಿ ಸಾಹೇಬ್ರೆ. ಜೋಡಿ ಚಲೋ ಐತೆ.”

ಕೊಕ್ಕನೂರಿನಲ್ಲಿ ಹನುಮಂತಪ್ಪನ ಹೆಂಡತಿ ಗಂಗವ್ವ ನಮ್ಮ ಕೈಚೀಲದಲ್ಲಿ ಇಣುಕಿದಳು.

“ಇದ್ಯಾಕ್ರಿ? ನಮ್ಮ ಕರಿ ಕೋಳಿ ಮೂರು ದಿನದಿಂದ ಬುಟ್ಟಿ ಬಿಟ್ಟು ಏಳವಲ್ದು. ಅದರ ಕೆಳಗೆ ಇಟ್ರೆ ಆಗಲ್ವಾ?”

ಪರಿಶೀಲಿಸದೆ ಏನನ್ನೂ ತಿರಸ್ಕರಿಸಬಾರದೆಂಬುದು ಸುದ್ದಿಮನೆಯ ಶಿಸ್ತು. ಮೂಲೆಯ ಬುಟ್ಟಿಗೆ ಕೈ ಹಾಕಿದೆ. ಕರಿ ಕೋಳಿ ಮೈಯ ಪುಕ್ಕವನ್ನೆಲ್ಲ ನಿಗುರಿಸಿ, ಹಾವಿನಂತೆ ಬುಸ್ಸೆಂದು, ನನ್ನ ತೋರುಬೆರಳನ್ನು ರಕ್ತ ಬರುವಂತೆ ಕುಕ್ಕಿತು.

“ಇದು ಬೇಡ,” ಎಂದೆ, ಬೆರಳನ್ನು ಕರವಸ್ತ್ರದಲ್ಲಿ ಸುತ್ತುತ್ತಾ. “ಸಿಡುಕು ಸ್ವಭಾವ. ತಾಯ್ತನಕ್ಕೆ ಯೋಗ್ಯವಲ್ಲ.”

ಕೆಂಪು ಕೋಳಿಯನ್ನು ಚೀಲದಿಂದ ತೆಗೆದರು. ಗಂಗವ್ವ ಅದರ ಕಾಲಿಗೆ ಕಟ್ಟಿದ್ದ ದಾರ ಬಿಚ್ಚಿದಳು. ಕೋಳಿ ಒಮ್ಮೆ ಮೈ ಕೊಡವಿ, ನನ್ನ ಹೆಗಲ ಮೇಲಿಂದ ಹಾರಿ, ಹೆಂಚಿನ ಮೇಲೆ ನಿಂತು ಕೊಕ್ಕೊಕ್ಕೋ ಎಂದಿತು.

ಹನುಮಂತಪ್ಪ ದಾರವನ್ನು ಕೈಯಲ್ಲಿ ಹಿಡಿದು ನೋಡಿದ. “ಸರ, ಅದರ ಚಿಂತೆ ಎಲ್ಲಾ ಇದರಾಗೆ ಇತ್ತು ನೋಡ್ರಿ.”

ಗಂಗವ್ವ ಬುಟ್ಟಿಯ ಹತ್ತಿರ ಕೂತಳು. ಹತ್ತೂ ಮೊಟ್ಟೆಗಳನ್ನು ಒಂದೊಂದಾಗಿ ಕರಿ ಕೋಳಿಯ ಹೊಟ್ಟೆಯ ಕೆಳಗೆ ಸರಿಸಿದಳು. ಅದು ಅವಳನ್ನೂ ಕುಕ್ಕಿತು. “ಕಾವು ಕೂತ ಕೋಳಿ ಹಿಂಗೇರಿ ಸರ,” ಎಂದಳು, “ಕುಕ್ಕದಿದ್ರೆ ಅದು ಕೂತಿಲ್ಲ ಅಂತ್ಲೇ ಲೆಕ್ಕ.”

ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಹೆಂಡತಿ ಶೈಲಜಾ ನನ್ನ ಬೆರಳಿಗೆ ಅರಿಸಿನ ಹಚ್ಚುತ್ತಾ ಪೂರ್ತಿ ವರದಿ ಕೇಳಿದಳು.

“ಅಲ್ರೀ, ಹುಟ್ಟಿದಾಗಿನಿಂದ ಕೋಳಿ ಮುಟ್ಟಿಲ್ಲ. ಶಬ್ದಕೋಶನೂ ಮುಟ್ಟದೆ ಇರಬೇಕಿತ್ತು.”

ಕೋಳಿ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಮರಿಯಾಗುತ್ತದೆ ಎಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೆ. ಇಪ್ಪತ್ತೆರಡನೇ ದಿನ ಕೊಕ್ಕನೂರಿನಿಂದ ಬಂದ ಹಾಲಿನವನು ಇನ್ನೂ ಏನೂ ಆಗಿಲ್ಲ ಎಂದ. ಕೂಡಲೇ ಹನುಮಂತಪ್ಪನಿಗೆ ಒಂದು ಅಂಚೆ ಕಾರ್ಡು ಬರೆದೆ: ‘ಮೊಟ್ಟೆಗಳು ಕೆಟ್ಟಿವೆ. ತಡಮಾಡದೆ ತಿಪ್ಪೆಗೆ ಹಾಕತಕ್ಕದ್ದು.’ ಗಿನಿ ಮೊಟ್ಟೆಗೆ ಇನ್ನೂ ಐದಾರು ದಿನ ಬೇಕೆಂಬ ಮಾತು ನಾನೇ ಅನುವಾದಿಸಿದ ಲೇಖನದ ಕೊನೆಯ ಸಾಲಿನಲ್ಲಿತ್ತು. ಜಾಗ ಸಾಲದೆಂದು ಆ ಸಾಲನ್ನು ಕತ್ತರಿಸಿದವನೂ ನಾನೇ.

ಕಾರ್ಡು ದಾವಣಗೆರೆಯಿಂದ ಕೊಕ್ಕನೂರು ತಲುಪಲು ಏಳು ದಿನ ತೆಗೆದುಕೊಂಡಿತು. ಅಷ್ಟರಲ್ಲಿ ಎಂಟು ಮರಿಗಳು ಅಂಗಳದಲ್ಲಿ ಓಡಾಡುತ್ತಿದ್ದವು.

ಮುಂದಿನ ವಾರದ ಕೃಷಿ ಪುಟದಲ್ಲಿ ತಿದ್ದುಪಡಿ ಬಂತು: “‘ಚಿಂತಾಮಗ್ನ’ ಎಂಬುದನ್ನು ‘ಕಾವು ಕೂತ’ ಎಂದು ಓದಿಕೊಳ್ಳಬೇಕಾಗಿ ವಿನಂತಿ.”

ಸಂತೆಯಿಂದ ತಂದ ಕೆಂಪು ಕೋಳಿ ಹನುಮಂತಪ್ಪನ ಮನೆಯಲ್ಲೇ ಉಳಿಯಿತು. ಗಂಗವ್ವ ಅದನ್ನು ‘ಪೇಪರ್ ಸಾಹೇಬ್ರು’ ಎಂದು ಕರೆಯುತ್ತಿದ್ದಳು. ದಿನವಿಡೀ ಕೂಗುತ್ತಿತ್ತು. ಕೊನೆಯವರೆಗೂ ಒಂದು ಮೊಟ್ಟೆಯನ್ನೂ ಇಡಲಿಲ್ಲ.